ಜಾಹೀರಾತು ಶುಲ್ಕವೋ, ಸೇರ್ಪಡೆಯ ಬೆಲೆಯೋ? ಅಮೆರಿಕದ ಕಾಲೇಜು ಕ್ರೀಡಾಪಟುಗಳ ಪ್ರಚಾರ ಕರಾರುಗಳು

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಹವಾನಿಯಂತ್ರಣ ಯಂತ್ರಗಳ ಜೋಡಣೆ ಮತ್ತು ದುರಸ್ತಿಯಲ್ಲಿ ತೊಡಗಿದ್ದ ಎಸ್.ಓ.ಎಸ್. ಹೀಟಿಂಗ್ ಅಂಡ್ ಕೂಲಿಂಗ್ ಎಂಬ ಸ್ಥಳೀಯ ಸಂಸ್ಥೆಯು 2022ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹೊಸ ಆಟಗಾರನೊಬ್ಬನೊಡನೆ ಜಾಹೀರಾತಿನ ಕರಾರು ಮಾಡಿಕೊಂಡಿತು. ಆಟಗಾರನ ಹೆಸರು ಡಿಕೋಲ್ಡೆಸ್ಟ್ ಕ್ರಾಫರ್ಡ್. ಇಂಗ್ಲಿಷಿನಲ್ಲಿ ಈ ಹೆಸರಿಗೆ 'ಎಲ್ಲರಿಗಿಂತ ತಣ್ಣಗಿರುವವನು' ಎಂಬ ಅರ್ಥ ಹೊಮ್ಮುತ್ತದೆ. ತಂಪು ಮಾರುವ ಅಂಗಡಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ. ಆ ಹೆಸರು ದೇಶದ ಉದ್ದಗಲಕ್ಕೂ ಸುದ್ದಿಯಾಗಿ, ಸಣ್ಣ ಸಂಸ್ಥೆಯೊಂದಕ್ಕೆ ತನ್ನ ಹಣದಿಂದ ಕೊಳ್ಳಲಾಗದಷ್ಟು ಪ್ರಚಾರ ದೊರೆಯಿತು.

ವರ್ತಕರ ದೃಷ್ಟಿಯಲ್ಲಿ ಇದರಲ್ಲಿ ಗೊಂದಲವೇನೂ ಇಲ್ಲ. ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಬೆಲೆ ಕೊಟ್ಟವರಿಗೆ ಪ್ರತಿಫಲ ದೊರೆತಿದೆ. ಲೆಕ್ಕಪುಸ್ತಕದಲ್ಲಿ ಜಾಹೀರಾತು ವೆಚ್ಚವೆಂದು ಬರೆದರೆ ಯಾವ ಲೆಕ್ಕಪರಿಶೋಧಕರೂ ಆಕ್ಷೇಪಿಸಲಾರರು. ಆದರೆ ಅಷ್ಟೇ ಹಣವನ್ನು, 'ನೀನು ಆ ಕಾಲೇಜಿಗೆ ಹೋಗದೆ ನಮ್ಮ ಕಾಲೇಜಿಗೇ ಬಾ' ಎಂಬ ಒಳ ಒಪ್ಪಂದದ ಮೇಲೆ ಕೊಟ್ಟು, ಕಾಗದದಲ್ಲಿ ಮಾತ್ರ ಜಾಹೀರಾತು ಎಂದು ಬರೆದರೆ? ಪುಸ್ತಕದಲ್ಲಿ ಎರಡೂ ಒಂದೇ ಶೀರ್ಷಿಕೆಯ ಕೆಳಗೆ ಕುಳಿತಿರುತ್ತವೆ. 2021ರಿಂದೀಚೆಗೆ ಅಮೆರಿಕದ ಕಾಲೇಜು ಕ್ರೀಡೆಯನ್ನು ಕಾಡುತ್ತಿರುವ ನೈತಿಕ ಪ್ರಶ್ನೆ ಇದೇ ಆಗಿರುತ್ತದೆ.

ಹಿನ್ನೆಲೆ

ಅಮೆರಿಕದ ಫುಟ್‌ಬಾಲ್ ಎಂಬುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿ ವೃತ್ತಿಪರ ತಂಡಗಳಂತೆಯೇ ವಿಶ್ವವಿದ್ಯಾಲಯಗಳ ತಂಡಗಳಿಗೂ ಲಕ್ಷಾಂತರ ಅಭಿಮಾನಿಗಳಿದ್ದಾರೆ. ಈ ಕ್ರೀಡೆಗಳನ್ನು ನಿಯಂತ್ರಿಸುವ ಎನ್.ಸಿ.ಎ.ಎ. ಎಂಬ ಸಂಘವು 1906ರಲ್ಲಿ ಸ್ಥಾಪನೆಯಾಯಿತು. ವಿದ್ಯಾರ್ಥಿಯು ಹವ್ಯಾಸಿಯಾಗಿಯೇ ಆಡಬೇಕು, ಆಟಕ್ಕಾಗಿ ಹಣ ಪಡೆಯಕೂಡದು ಎಂಬುದು ಅದರ ಮೂಲತತ್ತ್ವ. 1956ರಲ್ಲಿ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಅನುಮತಿ ದೊರೆಯಿತಾದರೂ ಅದಕ್ಕೆ ಮೀರಿದ ಯಾವುದೇ ಸಂದಾಯ ನಿಷಿದ್ಧವಾಗಿತ್ತು. ಆಟದಲ್ಲಿ ಗಾಯಗೊಂಡವರು ಕಾರ್ಮಿಕರ ಪರಿಹಾರ ಕೇಳಲು ತೊಡಗಿದಾಗ, ಅವರು ನೌಕರರಲ್ಲವೆಂದು ತೋರಿಸುವ ಸಲುವಾಗಿಯೇ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದವನ್ನು ಚಲಾವಣೆಗೆ ತರಲಾಯಿತು. ಈ ಸಂಗತಿಯನ್ನು ಮುಂದೆ ಬರೆದು ಒಪ್ಪಿಕೊಂಡವರು ಬೇರೆ ಯಾರೂ ಅಲ್ಲ, 1951ರಿಂದ 1988ರವರೆಗೆ ಸಂಘದ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ವಾಲ್ಟರ್ ಬೈಯರ್ಸ್ ಅವರೇ. ತಪ್ಪು ಹೆಸರಿಡುವ ಪದ್ಧತಿ ಈ ಕ್ಷೇತ್ರಕ್ಕೆ ಹೊಸದಲ್ಲ.

ಆಟಗಾರರನ್ನು ಬಿಟ್ಟು ಉಳಿದೆಲ್ಲರೂ ಹಣ ಮಾಡಿದರು. ಸಂಘದ ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರ ಹಕ್ಕನ್ನು 2016ರಲ್ಲಿ ಎಂಟು ವರ್ಷಗಳ ಅವಧಿಗೆ ವಿಸ್ತರಿಸಿದಾಗ ಆ ವಿಸ್ತರಣೆಯ ಮೊತ್ತ 880 ಕೋಟಿ ಡಾಲರ್. 2023ರ ನವೆಂಬರಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ತನ್ನ ಫುಟ್‌ಬಾಲ್ ತರಬೇತುದಾರ ಜಿಂಬೊ ಫಿಷರ್ ಅವರನ್ನು ಅವಧಿಗೆ ಮುನ್ನ ತೆಗೆದುಹಾಕಿದಾಗ, ಕರಾರಿನಂತೆ ಅವರಿಗೆ ಸಲ್ಲಬೇಕಾದ ಮೊತ್ತ 7.5 ಕೋಟಿ ಡಾಲರಿಗೂ ಅಧಿಕವಾಗಿತ್ತು. ತರಬೇತಿ ನೀಡದೆ ಇರುವುದಕ್ಕೆ ಇಷ್ಟು!

ನಿಷೇಧವಿದ್ದ ಕಾಲದಲ್ಲಿಯೂ ಹಣ ಹರಿಯುತ್ತಲೇ ಇತ್ತು, ಮೇಜಿನ ಕೆಳಗೆ. ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಧನಿಕ ಅಭಿಮಾನಿಯೊಬ್ಬರ ಗುಪ್ತನಿಧಿಯಿಂದ 13 ಆಟಗಾರರಿಗೆ ಸುಮಾರು 61,000 ಡಾಲರ್ ಸಂದಾಯವಾಗಿದ್ದುದು ಬೆಳಕಿಗೆ ಬಂದು, 1987ರ ಇಡೀ ಋತುವಿನ ಪಂದ್ಯಗಳನ್ನು ರದ್ದುಗೊಳಿಸಲಾಯಿತು. ಈ ಪ್ರಕರಣದ ಒಂದು ವಿವರ ವರ್ತಕರಿಗೆ ವಿಶೇಷವಾಗಿ ರುಚಿಸಬಹುದು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದು, ಆ ವೇಳೆಗೆ ಟೆಕ್ಸಾಸಿನ ಗವರ್ನರ್ ಆಗಿದ್ದ ಬಿಲ್ ಕ್ಲೆಮೆಂಟ್ಸ್ ಅವರು ಸಂದಾಯ ಮುಂದುವರಿದದ್ದು ತಮಗೆ ತಿಳಿದಿತ್ತೆಂದು ಒಪ್ಪಿಕೊಂಡರು. ಆಟಗಾರರಿಗೆ ಮಾತು ಕೊಟ್ಟಾಗಿದೆ, ಆದುದರಿಂದ ಕ್ರಮೇಣ ನಿಲ್ಲಿಸೋಣ ಎಂದು ನಿರ್ಧರಿಸಲಾಗಿತ್ತಂತೆ. ನಿಯಮ ಮುರಿದು ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕೆಂಬ ಈ ವಿಚಿತ್ರ ಪ್ರಾಮಾಣಿಕತೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಂದಿನ ಪ್ರಕರಣಗಳಲ್ಲಿ ಅದೂ ಕಾಣಸಿಗುವುದು ಅಪರೂಪ.

ಬಾಗಿಲು ತೆರೆದ ಬಗೆ

ಕ್ಯಾಲಿಫೋರ್ನಿಯಾದ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಓ'ಬ್ಯಾನನ್ ಅವರು ವಿಡಿಯೋ ಆಟವೊಂದರಲ್ಲಿ ತಮ್ಮದೇ ಆಕೃತಿ ಓಡಾಡುತ್ತಿರುವುದನ್ನು ಕಂಡರು. ಅವರ ಅನುಮತಿಯನ್ನು ಯಾರೂ ಕೇಳಿರಲಿಲ್ಲ, ಹಣವನ್ನೂ ಕೊಟ್ಟಿರಲಿಲ್ಲ. 2009ರಲ್ಲಿ ಅವರು ಹೂಡಿದ ದಾವೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು 2014ರಲ್ಲಿ ಸಂಘದ ನಿಯಮಗಳು ಪೈಪೋಟಿ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಆಟಗಾರರಿಗೆ ತಮ್ಮ ಹೆಸರು, ಚಿತ್ರ ಮತ್ತು ಹೋಲಿಕೆಯಿಂದ ಹಣ ಗಳಿಸುವ ಹಕ್ಕು ನೀಡಿ ಶಾಸನ ಮಾಡಿತು. 2021ರ ಜೂನ್ 21ರಂದು ಆಲ್ಸ್‌ಟನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಮೂರ್ತಿಗಳು ಸಂಘದ ವಿರುದ್ಧ ನಿಂತರು. ಆ ತೀರ್ಪು ಶಿಕ್ಷಣ ಸಂಬಂಧಿ ಸೌಲಭ್ಯಗಳಿಗೆ ಸೀಮಿತವಾಗಿತ್ತಾದರೂ ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿಯಲು ಅಷ್ಟು ಸಾಕಾಗಿತ್ತು. ಹತ್ತೇ ದಿನಗಳಲ್ಲಿ, ಅಂದರೆ 2021ರ ಜುಲೈ 1ರಿಂದ, ಪ್ರಚಾರ ಕರಾರುಗಳಿಗೆ ಅನುಮತಿ ದೊರೆಯಿತು.

ಈ ಅನುಮತಿಗೆ ಒಂದು ಷರತ್ತಿತ್ತು. ಹಣವು ಹೆಸರಿಗಾಗಿ ಸಲ್ಲಬೇಕೇ ಹೊರತು, ಕಾಲೇಜಿಗೆ ಸೇರುವುದಕ್ಕಾಗಿ ಅಥವಾ ಆಟಕ್ಕಾಗಿ ಸಲ್ಲಕೂಡದು. ಬಾಗಿಲು ತೆರೆದ ಮೇಲೆ ಹೊಸ್ತಿಲಿನಲ್ಲಿ ಗೆರೆ ಎಳೆದಂತಾಯಿತು.

ಕಲೆಕ್ಟಿವ್‌ಗಳ ಪ್ರವೇಶ

ಆ ಗೆರೆಯನ್ನು ದಾಟಲು ಹುಟ್ಟಿಕೊಂಡ ಸಂಸ್ಥೆಗಳೇ 'ಕಲೆಕ್ಟಿವ್'ಗಳು. ಒಂದು ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು, ಧನಿಕ ಅಭಿಮಾನಿಗಳು ಕೂಡಿ ನಿಧಿ ಸ್ಥಾಪಿಸುತ್ತಾರೆ. ಆ ನಿಧಿಯಿಂದ ಆಟಗಾರರಿಗೆ ಪ್ರಚಾರ ಶುಲ್ಕದ ಹೆಸರಿನಲ್ಲಿ ಹಣ ಸಲ್ಲುತ್ತದೆ. ಇವುಗಳಲ್ಲಿ ಹಲವು ಯಾವ ಸರಕನ್ನೂ ಮಾರುವುದಿಲ್ಲ. ಮಾರುವ ಸರಕಿಲ್ಲದವರಿಗೆ ಜಾಹೀರಾತಿನ ಅವಶ್ಯಕತೆಯೇನು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಎಲ್ಲ ಪ್ರಕರಣಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. 2021ರ ಆಗಸ್ಟ್‌ನಲ್ಲಿ ಬಿಲ್ಟ್ ಎಂಬ ಪೌಷ್ಟಿಕ ತಿನಿಸಿನ ತಯಾರಕರು ಯೂಟಾ ರಾಜ್ಯದ ಬ್ರಿಗ್ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಎಲ್ಲ 123 ಆಟಗಾರರೊಡನೆ ಕರಾರು ಮಾಡಿಕೊಂಡರು. ವಿದ್ಯಾರ್ಥಿವೇತನವಿಲ್ಲದೆ ಸ್ವಂತ ಖರ್ಚಿನಲ್ಲಿ ಆಡುತ್ತಿದ್ದವರಿಗೆ ಬೋಧನಾ ಶುಲ್ಕದಷ್ಟು ಹಣ ಸಲ್ಲುವ ಏರ್ಪಾಡು ಅದರಲ್ಲಿತ್ತು. ಅಲ್ಲಿ ಮಾರುವ ಸರಕಿತ್ತು, ಆಟಗಾರರು ಕಂಪನಿಯ ಗುರುತನ್ನು ಧರಿಸಿ ಕಾರ್ಯಕ್ರಮಗಳಿಗೆ ಬರುವ ಕಟ್ಟುಪಾಡೂ ಇತ್ತು. ಆದರೂ ಸ್ವಂತ ಖರ್ಚಿನಲ್ಲಿ ಓದುವ ಮುಂದಿನ ವರ್ಷದ ಆಟಗಾರನಿಗೆ ಆ ಕಾಲೇಜು ಹೆಚ್ಚು ಆಕರ್ಷಕವಾಗಿ ಕಾಣದೆ ಇರುತ್ತದೆಯೇ? ಒಂದು ನೈಜ ಕರಾರಿಗೂ ಸೇರ್ಪಡೆಯ ಮೇಲೆ ಪರಿಣಾಮವಿರುತ್ತದೆ. ಆದುದರಿಂದ ಪರಿಣಾಮವನ್ನು ನೋಡಿ ಅಳೆಯುವುದು ಸರಿಯಲ್ಲ. ಆಟಗಾರ ಬೇರೆ ಕಾಲೇಜಿಗೆ ಹೋಗಿದ್ದರೂ ಈ ವರ್ತಕರು ಈ ಬೆಲೆಯನ್ನೇ ಕೊಡುತ್ತಿದ್ದರೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಒಮಾಹಾದ ಅಂಗಡಿಯವರು ಊರಿನ ತಂಡದ ಆಟಗಾರನನ್ನಲ್ಲದೆ ಬೇರೆಯವರನ್ನು ಆರಿಸುತ್ತಿರಲಿಲ್ಲವಾದರೂ, ಅವರು ಕೊಂಡದ್ದು ಹೆಸರನ್ನೇ.

ವಿರುದ್ಧ ವಾದಕ್ಕೂ ಬಲವಿದೆ. ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳು 2024ರ ಜನವರಿಯಲ್ಲಿ ಸಂಘದ ವಿರುದ್ಧ ದಾವೆ ಹೂಡಿದವು. ಕಾಲೇಜು ಆರಿಸಿಕೊಳ್ಳುವ ಮೊದಲೇ ತನ್ನ ಹೆಸರಿನ ಬೆಲೆಯ ಬಗ್ಗೆ ಮಾತುಕತೆ ನಡೆಸುವುದನ್ನು ತಡೆದರೆ, ಆಟಗಾರನಿಗೆ ತನ್ನ ನಿಜವಾದ ಮಾರುಕಟ್ಟೆ ಬೆಲೆ ತಿಳಿಯುವುದೇ ಇಲ್ಲ ಎಂಬ ವಾದವನ್ನು ನ್ಯಾಯಾಧೀಶ ಕ್ಲಿಫ್ಟನ್ ಕಾರ್ಕರ್ ಮನ್ನಿಸಿ, ಫೆಬ್ರವರಿ 23ರಂದು ಆ ನಿಷೇಧಕ್ಕೆ ತಡೆಯಾಜ್ಞೆ ನೀಡಿದರು. ಸರಕನ್ನು ಮಾರಿದ ನಂತರ ದರ ತಿಳಿದುಕೋ ಎಂದು ಯಾವ ವರ್ತಕರಿಗೆ ಹೇಳಿದರೂ ಅವರು ಒಪ್ಪಲಾರರು. ಹದಿನೆಂಟರ ಹುಡುಗನಿಗೆ ಮಾತ್ರ ಹಾಗೆ ಹೇಳುವುದು ನ್ಯಾಯವಲ್ಲ.

ಬಾಯಿಮಾತಿನ ಅಪಾಯ

ಹಾಗಿದ್ದಲ್ಲಿ ದೋಷವೆಲ್ಲಿದೆ? ಹಣ ಕೊಡುವುದರಲ್ಲಿಲ್ಲ, ಕೊಡುವ ಹಣಕ್ಕೆ ಅದರದಲ್ಲದ ಹೆಸರಿಡುವುದರಲ್ಲಿದೆ. ನಿಜವಾದ ಕಾರಣವನ್ನು ಕಾಗದದಲ್ಲಿ ಬರೆಯುವಂತಿಲ್ಲವಾದಾಗ, ಮುಖ್ಯ ಷರತ್ತು ಬಾಯಿಮಾತಿನಲ್ಲಿಯೇ ಉಳಿಯುತ್ತದೆ. ಅದು ಮುರಿದಾಗ ನಷ್ಟ ಅನುಭವಿಸುವವನು ಆಟಗಾರ.

ಕ್ಯಾಲಿಫೋರ್ನಿಯಾದ ಶಾಲಾ ಆಟಗಾರ ಜೇಡನ್ ರಶಾಡ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡ ಸೇರಲು 2022ರ ಡಿಸೆಂಬರಿನಲ್ಲಿ ಸಹಿ ಹಾಕಿ, ಮುಂದಿನ ತಿಂಗಳೇ ಬಿಡುಗಡೆ ಪಡೆದು ಬೇರೆಡೆಗೆ ಹೋದನು. ತನಗೆ 1 ಕೋಟಿ 38 ಲಕ್ಷ 50 ಸಾವಿರ ಡಾಲರುಗಳ ಪ್ರಚಾರ ಕರಾರಿನ ಭರವಸೆ ನೀಡಿ, ಮತ್ತೊಂದು ವಿಶ್ವವಿದ್ಯಾಲಯದ ಕಡೆಯ ಕರಾರನ್ನು ಬಿಡಿಸಿ, ಬಳಿಕ ಹಣ ಕೊಡಲಿಲ್ಲವೆಂಬುದು 2024ರ ಮೇ ತಿಂಗಳಿನಲ್ಲಿ ಆತ ತರಬೇತುದಾರರು ಮತ್ತಿತರರ ಮೇಲೆ ಹೂಡಿದ ದಾವೆಯ ಆರೋಪ. ದಾವೆಯನ್ನು ವಜಾ ಮಾಡುವಂತೆ ಪ್ರತಿವಾದಿಗಳು ಕೋರಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೆವಾಡಾ ವಿಶ್ವವಿದ್ಯಾಲಯದ ಲಾಸ್ ವೇಗಸ್ ತಂಡದ ಮುಖ್ಯ ಆಟಗಾರ ಮ್ಯಾಥ್ಯೂ ಸ್ಲೂಕಾ, ಮೂರು ಪಂದ್ಯಗಳನ್ನು ಸತತವಾಗಿ ಗೆದ್ದ ಮೇಲೆ ತಂಡದಿಂದ ಹೊರನಡೆದನು. ಸಹಾಯಕ ತರಬೇತುದಾರರೊಬ್ಬರು 1 ಲಕ್ಷ ಡಾಲರುಗಳ ಮಾತು ಕೊಟ್ಟಿದ್ದರೆಂದು ಆತನ ಪ್ರತಿನಿಧಿ ಹೇಳಿದರೆ, ಇಂತಹ ಬೇಡಿಕೆಯು ಆಟಕ್ಕಾಗಿ ಹಣ ಕೊಡುವುದನ್ನು ನಿಷೇಧಿಸುವ ನಿಯಮಕ್ಕೂ ರಾಜ್ಯದ ಕಾನೂನಿಗೂ ವಿರುದ್ಧವೆಂದು ವಿಶ್ವವಿದ್ಯಾಲಯ ಉತ್ತರಿಸಿತು. ಬರೆದಿಟ್ಟ ಕಾಗದವಿರಲಿಲ್ಲ. ಆಟ ಆಡಿಸಿಕೊಳ್ಳುವಾಗ ಅಡ್ಡ ಬಾರದ ನಿಯಮ ಹಣ ಕೇಳಿದಾಗ ಅಡ್ಡ ಬರುತ್ತದೆ.

ಈ ಸಂದರ್ಭದಲ್ಲಿ ಭಾರತದ ಪದ್ಧತಿಯನ್ನು ನೆನೆಯಬಹುದು. ಇಲ್ಲಿ ರೈಲ್ವೆ ಮತ್ತು ಬ್ಯಾಂಕುಗಳು ಕ್ರೀಡಾ ಕೋಟಾದಡಿ ಆಟಗಾರರನ್ನು ನೇಮಿಸಿಕೊಳ್ಳುತ್ತವೆ. ಅದರಲ್ಲಿ ಬೇರೆ ಕುಂದುಕೊರತೆಗಳಿರಬಹುದು. ಆದರೆ ಕೊಡುವುದನ್ನು ಸಂಬಳವೆಂದೇ ಕರೆಯಲಾಗುತ್ತದೆ.

ತೆರಿಗೆ ಮತ್ತು ತಪಾಸಣೆ

ಹಲವು ಕಲೆಕ್ಟಿವ್‌ಗಳು ತಮ್ಮನ್ನು ಧರ್ಮಾರ್ಥ ಸಂಸ್ಥೆಗಳೆಂದು ನೋಂದಾಯಿಸಿಕೊಂಡು ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುತ್ತಿದ್ದವು. ಅಮೆರಿಕದ ಆಂತರಿಕ ಕಂದಾಯ ಇಲಾಖೆಯು 2023ರ ಟಿಪ್ಪಣಿಯಲ್ಲಿ, ಇವುಗಳ ಮುಖ್ಯ ಪ್ರಯೋಜನ ಆಟಗಾರರಿಗೆ ಖಾಸಗಿಯಾಗಿ ಸಲ್ಲುವುದರಿಂದ ಅನೇಕ ಸಂದರ್ಭಗಳಲ್ಲಿ ವಿನಾಯಿತಿಗೆ ಅರ್ಹವಲ್ಲವೆಂಬ ಅಭಿಪ್ರಾಯ ತಿಳಿಸಿತು. ಆಟಗಾರನ ಪಾಲಿಗೂ ತೆರಿಗೆ ತಪ್ಪುವುದಿಲ್ಲ. ಆತ ಸಾಮಾನ್ಯವಾಗಿ ಸ್ವತಂತ್ರ ಗುತ್ತಿಗೆದಾರ. ಹಣ ಕೊಡುವವರು ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲ. ನಿವ್ವಳ ಗಳಿಕೆಯ ಮೇಲೆ ಆದಾಯ ತೆರಿಗೆಯಲ್ಲದೆ ಶೇ. 15.3ರ ಸ್ವ-ಉದ್ಯೋಗ ತೆರಿಗೆಯೂ ಬೀಳುತ್ತದೆ. ಹಣದ ಬದಲು ಕಾರು ಕೊಟ್ಟರೆ ಕಾರಿನ ಮೌಲ್ಯವೂ ಆದಾಯವೇ. ಬಂದ ಹಣವನ್ನೆಲ್ಲ ಖರ್ಚು ಮಾಡಿ ಏಪ್ರಿಲ್ ತಿಂಗಳಲ್ಲಿ ಕಂಗಾಲಾಗುವ ಹುಡುಗನಿಗೆ ಇದನ್ನು ಮೊದಲೇ ತಿಳಿಸುವ ಹೊಣೆ ಹಣ ಕೊಡುವವರದೂ ಹೌದು.

2025ರ ಜೂನ್ 6ರಂದು ನ್ಯಾಯಾಧೀಶೆ ವಿಲ್ಕೆನ್ ಅವರೇ ಹೌಸ್ ಪ್ರಕರಣದ ರಾಜಿಯನ್ನು ಅಂಗೀಕರಿಸಿದರು. ಇದರಂತೆ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲತಕ್ಕದ್ದು. ಅದರ ಬಹುಭಾಗ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಹೋಗುವುದೆಂದು ಮಹಿಳಾ ಆಟಗಾರರ ಆಕ್ಷೇಪವಿದೆ. ರಾಜಿಗೆ ಒಳಪಟ್ಟ ವಿಶ್ವವಿದ್ಯಾಲಯಗಳು 2025-26ರ ಸಾಲಿನಲ್ಲಿ ತಲಾ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ತಮ್ಮ ಆಟಗಾರರಿಗೆ ನೇರವಾಗಿ ಹಂಚಲು ಅವಕಾಶ ದೊರೆಯಿತು. ಕೊನೆಗೂ ಹಣವು ಮುಂಬಾಗಿಲಿನಿಂದ ಬಂದಿತು. ಹೊರಗಿನವರ ಕರಾರು 600 ಡಾಲರ್ ಮೀರಿದರೆ, ಡೆಲಾಯ್ಟ್ ಸಂಸ್ಥೆ ರೂಪಿಸಿದ ತಪಾಸಣಾ ವ್ಯವಸ್ಥೆಗೆ ಒಪ್ಪಿಸಬೇಕು. ಅಲ್ಲಿ ನೋಡುವುದು ಎರಡು ಅಂಶ: ಕರಾರಿಗೆ ನೈಜ ವ್ಯಾಪಾರೋದ್ದೇಶವಿದೆಯೇ? ಮೊತ್ತವು ಅಂತಹ ಪ್ರಚಾರಕ್ಕೆ ಸಲ್ಲುವ ದರದ ವ್ಯಾಪ್ತಿಯಲ್ಲಿದೆಯೇ? ವೆಚ್ಚವು ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಆಗಿರಬೇಕು, ಸಂಬಂಧಿಗಳಿಗೆ ಕೊಟ್ಟ ಮೊತ್ತ ಮಾರುಕಟ್ಟೆ ದರ ಮೀರಬಾರದು ಎಂಬ ಭಾರತೀಯ ಆದಾಯ ತೆರಿಗೆಯ ಸೂತ್ರಗಳನ್ನು ಬಲ್ಲ ವರ್ತಕರಿಗೆ ಈ ಪರೀಕ್ಷೆಗಳು ಅಪರಿಚಿತವೆನಿಸಲಾರವು. ಆದರೆ ವ್ಯವಸ್ಥೆ ಆರಂಭವಾದ ತಿಂಗಳೊಳಗೇ ಕಲೆಕ್ಟಿವ್‌ಗಳ ವಿಷಯದಲ್ಲಿ ವಿವಾದವೆದ್ದು, ಮೊದಲು ಬಿಗಿಯಾಗಿದ್ದ ಮಾನದಂಡವನ್ನು ಸಡಿಲಿಸಬೇಕಾಯಿತು.

ಅಮೆರಿಕದಲ್ಲಿ ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಓದುವ ಭಾರತೀಯರ ಪೋಷಕರು ಗಮನಿಸಬೇಕಾದ ಸಂಗತಿಯೊಂದಿದೆ. ಎಫ್-1 ವಿದ್ಯಾರ್ಥಿ ವೀಸಾದ ಮೇಲಿರುವವರಿಗೆ ಆ ದೇಶದೊಳಗೆ ಉದ್ಯೋಗ ಮಾಡುವುದಕ್ಕೆ ಕಟ್ಟುನಿಟ್ಟಿನ ಮಿತಿಗಳಿದ್ದು, ಜಾಹೀರಾತಿಗಾಗಿ ದುಡಿದರೆ ವೀಸಾಕ್ಕೇ ಧಕ್ಕೆ ಬರಬಹುದು. ಕೆಂಟಕಿ ವಿಶ್ವವಿದ್ಯಾಲಯದ ಕಾಂಗೋ ಮೂಲದ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಚೀಬ್ವೆ ಅವರು 2022ರಲ್ಲಿ ತಂಡದೊಡನೆ ಬಹಾಮಾಸ್‌ಗೆ ಹೋಗಿದ್ದಾಗ ಅಮೆರಿಕದ ನೆಲದಿಂದ ಹೊರಗೆ ತಮ್ಮ ಪ್ರಚಾರ ಕಾರ್ಯಗಳನ್ನು ಮುಗಿಸಿಕೊಂಡದ್ದು ಇದೇ ಕಾರಣಕ್ಕಾಗಿ. ರಜೆಯಲ್ಲಿ ಊರಿಗೆ ಬಂದ ಇಂತಹ ಆಟಗಾರರನ್ನು ತಮ್ಮ ಸರಕಿನ ಪ್ರಚಾರಕ್ಕೆ ಕೇಳಿಕೊಳ್ಳುವ ಇಲ್ಲಿನ ತಯಾರಕರು, ವಲಸೆ ಕಾನೂನು ಬಲ್ಲ ವಕೀಲರ ಸಲಹೆ ಪಡೆದು, ಕೆಲಸ ಎಲ್ಲಿ ನಡೆಯಿತು, ಯಾವ ದಿನ ನಡೆಯಿತು, ಯಾವ ಸರಕಿಗಾಗಿ ನಡೆಯಿತು ಎಂಬುದನ್ನು ಕರಾರಿನಲ್ಲಿಯೇ ಬರೆಸತಕ್ಕದ್ದು. ಆಟಗಾರನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಆತನ ಸಹಿಗೆ ಭಾರತದ ಕರಾರು ಕಾಯಿದೆಯಲ್ಲಿ ಬೆಲೆಯಿಲ್ಲ.