ಸೋಸುವ ಬಟ್ಟೆಗೆ ಸಿಕ್ಕುವುದೆಷ್ಟು?

ನಾವು ಮಠದಲ್ಲಿ ಓದಲು ಸೇರಿದಾಗ ನಮಗೆ ಮೊದಲು ಕಲಿಸಿದುದು ವ್ಯಾಕರಣವಲ್ಲ, ನೀರು ಸೋಸುವುದು. ಬೆಳಗಿನ ಜಾವ ಬಾವಿಯಿಂದ ಸೇದಿದ ನೀರನ್ನು, ಕೊಡದ ಬಾಯಿಗೆ ಮಡಿಸಿ ಕಟ್ಟಿದ ಬಿಳಿಯ ಬಟ್ಟೆಯ ಮೂಲಕವೇ ತುಂಬಬೇಕು; ಆ ಬಳಿಕವೇ ಅದು ಪೂಜೆಯ ಅಗ್ಘವಣಿ. ಅಗ್ಘವಣಿ ಹೊನ್ನಯ್ಯ, ಅಗ್ಘವಣಿ ಹಂಪಯ್ಯ ಎಂಬ ಶರಣರ ಹೆಸರುಗಳಲ್ಲಿಯೇ ಆ ಪದ ಉಳಿದುಬಂದಿದೆ. ಬಟ್ಟೆ ಒಂದೇ ಪದರದ್ದಾಗಿದ್ದರೆ ಗುರುಗಳು ತುಂಬಿದ ನೀರನ್ನು ಗಿಡಕ್ಕೆ ಹಾಕಿಸಿ ಮತ್ತೆ ಸೇದಿಸುತ್ತಿದ್ದರು. ಮಾಗಿಯ ಚಳಿಯಲ್ಲಿ ಅದು ಹಗುರವಾದ ಶಿಕ್ಷೆಯೇನಲ್ಲ.

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಮಹದೇವಪುರದ ಬಂಧುಗಳೊಬ್ಬರ ಮನೆಗೆ ಹೋಗಿದ್ದಾಗ ಇದೆಲ್ಲ ನೆನಪಾಯಿತು. ಆ ಬೇಸಿಗೆಯಲ್ಲಿ ಅಲ್ಲಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿ, ಮನೆಮನೆಗೂ ಟ್ಯಾಂಕರ್ ನೀರೇ ಗತಿಯಾಗಿತ್ತು. ಮನೆಯ ಹಿರಿಯ ತಾಯಿ ಆ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ, ನಾಲ್ಕು ತಿಂಗಳ ಮೊಮ್ಮಗುವಿನ ಹಾಲಿನ ಪುಡಿಗೂ ಅದನ್ನೇ ಬೆರೆಸುತ್ತಿದ್ದರು. ಸೊಸೆಗೆ ಅದು ಒಪ್ಪಿಗೆಯಿರಲಿಲ್ಲ. “ಅಯ್ಯನವರೇ, ನೀವೇ ಹೇಳಿ. ಸೋಸಿ ಕಾಯಿಸಿದ ಮೇಲೆ ಇನ್ನೇನು ಶುದ್ಧಿ ಬೇಕು?” ಎಂದು ಆ ತಾಯಿ ನಮ್ಮನ್ನೇ ಪಂಚಾಯಿತಿಗೆ ಕೂರಿಸಿದರು.

ತೀರ್ಪು ಕೊಟ್ಟವನು ಹಿರಿಯ ಮೊಮ್ಮಗ, ಏಳನೆಯ ತರಗತಿಯ ಹುಡುಗ. ಒಂದು ಲೋಟ ನೀರಿಗೆ ಹೂಕುಂಡದ ಮಣ್ಣನ್ನೂ ಎರಡು ಚಮಚ ಉಪ್ಪನ್ನೂ ಹಾಕಿ ಕಲಕಿದ. ಅಜ್ಜಿಯ ಬಟ್ಟೆಯಲ್ಲಿಯೇ ಎರಡು ಬಾರಿ ಸೋಸಿದ. ಮಣ್ಣು ಬಟ್ಟೆಯಲ್ಲಿ ನಿಂತಿತು, ನೀರು ತಕ್ಕಮಟ್ಟಿಗೆ ತಿಳಿಯಾಗಿ ಇಳಿಯಿತು. “ಕುಡಿದು ನೋಡಜ್ಜಿ” ಎಂದ. ಅವರು ನಾಲಿಗೆಗೆ ತಾಕಿಸಿ ಮುಖ ಕಿವುಚಿದರು.

ಶಾಸ್ತ್ರ ಇಷ್ಟೇ. ಮಿಶ್ರಣದಲ್ಲಿ ಕರಗದೆ ತೇಲುವ ಕಣಗಳು ಬಟ್ಟೆಯ ರಂಧ್ರಕ್ಕಿಂತ ದೊಡ್ಡವಾದರೆ ಮೇಲೆ ನಿಲ್ಲುತ್ತವೆ. ಕರಗಿದುದು ನೀರಿನೊಡನೆ ನೀರಾಗಿಯೇ ಹಾದುಹೋಗುತ್ತದೆ. ಹಾಗೆಂದು ಬಟ್ಟೆಯನ್ನು ಹಳಿಯಲಾಗದು. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ಸೋಸಿದ ನೀರು ಬಳಸಿದ ಕಡೆ ಕಾಲರಾ ಸುಮಾರು ಅರ್ಧದಷ್ಟು ತಗ್ಗಿತ್ತು. ಕಾಲರಾ ರೋಗಾಣು ಬಟ್ಟೆಯ ರಂಧ್ರಕ್ಕಿಂತ ಬಹಳ ಚಿಕ್ಕದು. ಆದರೆ ಅದು ಕೆರೆಕುಂಟೆಗಳ ಸೂಕ್ಷ್ಮ ಜಲಚರಗಳಿಗೆ ಅಂಟಿಕೊಂಡಿರುತ್ತದೆ. ಆ ಜಲಚರಗಳು ಸೀರೆಗೆ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಒಗೆದು ಒಗೆದು ಸವೆದ ಸೀರೆಯೇ ಮೇಲು ಎಂಬುದನ್ನೂ ಅವರು ಕಂಡರು. ನಮ್ಮ ಗುರುಗಳು ಪದರಕ್ಕಾಗಿ ಹಟ ಹಿಡಿದುದು ಸುಮ್ಮನೆ ಅಲ್ಲ.

ನಗರಗಳ ಕಥೆಯೂ ಇದೇ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾದಿಂದ ಎಂಟು ಸಾವಿರಕ್ಕೂ ಮೀರಿ ಜನ ಸತ್ತರು; ಅದೇ ಎಲ್ಬೆ ನದಿಯ ನೀರನ್ನು ಮರಳಿನ ಹಾಸಿನಲ್ಲಿ ಸೋಸಿ ಕೊಡುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಬೆಂಗಳೂರಿಗೆ ಬರುವ ಕಾವೇರಿಯೂ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿಯೇ ಮೇಲೇರುತ್ತದೆ. ಮರಳಿಗೂ ಸಿಕ್ಕದ ನಯವಾದ ಕೆಸರನ್ನು ಆಲಂ, ಎಂದರೆ ಪಟಿಕದ ಜಾತಿಯ ಲವಣಗಳು, ಒಟ್ಟುಗೂಡಿಸಿ ಹಿಂಡೆಗಳಾಗಿಸುತ್ತವೆ. ಸೋಸಲಾಗದುದನ್ನು ಸೋಸಲು ಬರುವಂತೆ ಮಾಡುವ ಈ ಉಪಾಯ ನಮಗೆ ಬಹಳ ಹಿಡಿಸಿತು. ಹಳ್ಳಿಯ ಹೆಂಗಸರು ಪಟಿಕದ ತುಂಡನ್ನು ಕೊಡದಲ್ಲಿ ತಿರುಗಿಸುತ್ತಿದ್ದುದೂ ಇದೇ ಅಲ್ಲವೆ! ಗಡಸು ನೀರು ಕುದಿಸಿದ ಪಾತ್ರೆಯ ತಳದಲ್ಲಿ ನಿಲ್ಲುವ ಬಿಳಿಯ ಪುಡಿಯೂ ಹಾಗೆಯೇ, ಕರಗಿದ್ದುದು ಗಟ್ಟಿಯಾಗಿ ಕೈಗೆ ಸಿಕ್ಕಿದುದು.

ಆದರೆ ಎಲ್ಲವೂ ಹಾಗೆ ಕೈಗೆ ಸಿಕ್ಕುವುದಿಲ್ಲ. ಮಹದೇವಪುರ ಭಾಗದ ವರ್ತೂರು ಕೆರೆಯ ಕೋಡಿಯಲ್ಲಿ 2015ರಿಂದ ಕೆಲವು ವರ್ಷ ನೊರೆ ಆಳೆತ್ತರಕ್ಕೆ ಎದ್ದು ರಸ್ತೆಗೆ ಹಾರಿಬರುತ್ತಿದ್ದುದನ್ನು ನಾಡೇ ಕಂಡಿದೆ. ಅಲ್ಲಿ ಎತ್ತರದ ಜಾಲರಿಯನ್ನು ಕಟ್ಟಿದರು. ನೊರೆ ಒಂದಿಷ್ಟು ತಡೆಯಿತು. ಅದನ್ನು ಎಬ್ಬಿಸುವ ಸಾಬೂನಿನ ಅಂಶ ಮಾತ್ರ ನೀರಿನಲ್ಲಿ ಕರಗಿ ಜಾಲರಿಯ ಕೆಳಗೇ ಹರಿಯಿತು.

ಕೊಳಚೆಯಿಂದ ಅಂತರ್ಜಲಕ್ಕೆ ಇಳಿಯುವ ನೈಟ್ರೇಟೂ ಕರಗಿದ ವಸ್ತುವೇ. ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ. ಮೀರಿದರೆ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕವನ್ನು ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಇದನ್ನು ಹೇಳಿದಾಗ ಆ ತಾಯಿಯ ಕಣ್ಣು ತೊಟ್ಟಿಲ ಕಡೆ ತಿರುಗಿತು. ನಮಗೂ ಮುಂದೆ ಮಾತು ಹೊರಡಲಿಲ್ಲ.

ಮರುದಿನವೇ ನೀರನ್ನು ಪರೀಕ್ಷೆಗೆ ಕಳುಹಿಸಿದರು. ನೈಟ್ರೇಟ್ ಮಿತಿಯನ್ನು ದಾಟಿತ್ತು. ದೇವರ ದಯೆ, ಮಗುವಿಗೆ ಏನೂ ಆಗಿರಲಿಲ್ಲ. ಆರ್.ಓ. ಯಂತ್ರ ಬಂದಿತು. ಅದರ ತೆಳುಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸಿದಾಗ ಕರಗಿದ ಲವಣಗಳ ಬಹುಪಾಲು ಹಿಂದೆ ಉಳಿಯುತ್ತದೆ. ಹಿಂದೆ ಉಳಿದ ನೀರು ಪಡೆದ ನೀರಿಗಿಂತ ಹೆಚ್ಚಾಗಿರುವುದೇ ಇದರ ದೋಷ. ಬರದ ದಿನಗಳಲ್ಲಿ ಅದು ಹೊಟ್ಟೆ ಉರಿಸುವ ಮಾತು. ಸೊಸೆ ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಇಡುತ್ತಾರೆ.

ಅದೇ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಅದು. ನಾವು ಮತ್ತೆ ಆ ಮನೆಗೆ ಹೋದಾಗ ಮಗು ಗೋಡೆ ಹಿಡಿದು ನಡೆಯುತ್ತಿತ್ತು. ಅಜ್ಜಿ ಯಂತ್ರದ ನಲ್ಲಿಗೂ ನಾಲ್ಕು ಮಡಿಕೆಯ ಬಟ್ಟೆ ಕಟ್ಟಿದ್ದರು. ಸೊಸೆ ನಮ್ಮ ಕಡೆ ನೋಡಿ ನಕ್ಕರು, ಬಿಚ್ಚಿಸಿರಲಿಲ್ಲ.