ಪ್ರಾಣೇಶಾಚಾರ್ಯರಿಂದ ಗೋವಿಂದಭಟ್ಟರವರೆಗೆ

ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಮುಸಲ್ಮಾನ ಶಿಷ್ಯನಾದ ಶಿಶುನಾಳದ ಶರೀಫರಿಗೆ ಜನಿವಾರ ತೊಡಿಸಿದರೆಂಬ ಕಥೆಯನ್ನು ಆ ಸೀಮೆಯಲ್ಲಿ ಮಕ್ಕಳೂ ಬಲ್ಲರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಆ ಭಟ್ಟರಾದವರು ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು. ಶರೀಫರಾಗಿ ಶ್ರೀಧರ್, ನಿರ್ದೇಶನ ಟಿ. ಎಸ್. ನಾಗಾಭರಣರದು.

ನಾಟಕಕಾರ ಕಾರ್ನಾಡರಿಗೆ ನಟನೆ ಕೇವಲ ಉಪಜೀವನದ ದಾರಿಯಾಗಿತ್ತೆಂದು ಸಾಹಿತ್ಯಾಸಕ್ತರು ಹೇಳುವುದುಂಟು. ನಾನು ಇದನ್ನು ಒಪ್ಪಲಾರೆ. 1970ರ ‘ಸಂಸ್ಕಾರ’ವನ್ನು ನೆನೆಯಿರಿ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಅವರ ಪ್ರಾಣೇಶಾಚಾರ್ಯರು ಧರ್ಮಶಾಸ್ತ್ರಗಳಲ್ಲಿ ಉತ್ತರ ಹುಡುಕುತ್ತಾರೆ, ಸಿಗದೆ ಕುಸಿಯುತ್ತಾರೆ. ಇಪ್ಪತ್ತು ವರ್ಷಗಳ ಬಳಿಕ ಬಂದ ಗೋವಿಂದಭಟ್ಟರಿಗೆ ಶಾಸ್ತ್ರದ ಅಪ್ಪಣೆ ಕೇಳುವ ಗೊಡವೆಯೇ ಇಲ್ಲ. ಎರಡೂ ಕಡೆ ಅದೇ ಧೋತರ, ಅದೇ ಜನಿವಾರ; ಒಳಗಿನ ಮನುಷ್ಯ ಮಾತ್ರ ಬೇರೆ. ಮಾತಿನ ತೂಕ ಬಲ್ಲ ನಾಟಕಕಾರರಾದ್ದರಿಂದಲೇ ಅವರು ಮಾತಿನ ಹಿಂದಿನ ಯೋಚನೆಯನ್ನು ತೋರಿಸಬಲ್ಲವರಾಗಿದ್ದರು. ಕೆಲವರು ಅದನ್ನು ಬಿಗುಮಾನವೆಂದರು. ನನಗದು ಸಂಯಮವಾಗಿ ಕಂಡಿದೆ.

ನಡುವೆ ಎಷ್ಟು ಪಾತ್ರಗಳು! 1976ರ ‘ಮಂಥನ’ದಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಹೊರಟ ಪಶುವೈದ್ಯ. (ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ಚಿತ್ರವದು, ನಮ್ಮ ಹಳ್ಳಿಗಳಲ್ಲಿ ಅಂಥದು ನಡೆಯಲಿಲ್ಲವೆಂಬ ಕೊರಗು ನನಗಿದೆ.) ದೂರದರ್ಶನದಲ್ಲಿ ಶಂಕರ ನಾಗರ ‘ಮಾಲ್ಗುಡಿ ಡೇಸ್’ ಬಂದಾಗ ಸ್ವಾಮಿಯ ತಂದೆ, ಗದರಿಕೆಯೊಳಗೇ ಅಕ್ಕರೆಯನ್ನಿಟ್ಟ ಅಪ್ಪ. ‘ಟರ್ನಿಂಗ್ ಪಾಯಿಂಟ್’ನಲ್ಲಿ ವಿಜ್ಞಾನದ ನಿರೂಪಕ. 2012ರ ‘ಏಕ್ ಥಾ ಟೈಗರ್’ನಲ್ಲಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ.

1998ರ ಜ್ಞಾನಪೀಠ ನಾಟಕಕಾರನಿಗೆ ಸಂದಿತು. 2019ರ ಜೂನ್ 10ರಂದು ಅವರು ತೀರಿಕೊಂಡಾಗ ಬಂದ ಲೇಖನಗಳಲ್ಲೂ ನಾಟಕಗಳದೇ ಮಾತು ಹೆಚ್ಚು. ಕಳಸದ ಭಟ್ಟರಿಗೆ ಸಿಕ್ಕಿದ್ದು ಒಂದೆರಡು ಸಾಲು.