ರಿಮೋಟ್ ಕಾರಿನ ಕ್ಲಚ್: ಸ್ಪ್ರಿಂಗ್ ಬಿಗಿಯಾದಷ್ಟೂ ವೇಗ ಹೆಚ್ಚುವುದೇ?

ನೈಟ್ರೊ ಇಂಧನದಿಂದ ಓಡುವ ರೇಡಿಯೊ ನಿಯಂತ್ರಿತ ಕಾರುಗಳು ಗಾತ್ರದಲ್ಲಿ ಚಿಕ್ಕವಾದರೂ ಯಂತ್ರರಚನೆಯಲ್ಲಿ ಆಟಿಕೆಗಳಲ್ಲ. ನೈಜ ವಾಹನದ ಎಂಟನೇ ಒಂದರಷ್ಟಿರುವ ಬಗ್ಗಿ ಕಾರಿನ 3.5 ಸಿಸಿ ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 30,000ಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಈ ಶಕ್ತಿಯನ್ನು ಚಕ್ರಗಳಿಗೆ ದಾಟಿಸುವ ಹೊಣೆ ಕ್ಲಚ್ಚಿನದು. ಅದು ಯಾವ ಕ್ಷಣದಲ್ಲಿ ದಾಟಬೇಕು ಎಂಬುದನ್ನು ನಿರ್ಧರಿಸುವಲ್ಲಿ ಬೆರಳ ತುದಿಯಷ್ಟೂ ಇಲ್ಲದ ಮೂರು ಅಥವಾ ನಾಲ್ಕು ಸ್ಪ್ರಿಂಗ್‌ಗಳ ಪಾತ್ರ ದೊಡ್ಡದು.

ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಕಾರಿನ ವೇಗ ಹೆಚ್ಚುತ್ತದೆ ಎಂದು ಹೊಸಬರು ಭಾವಿಸುವುದುಂಟು. ಆದರೆ ಗರಿಷ್ಠ ವೇಗ ಎಂಜಿನ್ನಿಗೂ ಗೇರ್ ಅನುಪಾತಕ್ಕೂ ಸಂಬಂಧಿಸಿದ್ದು. ಸ್ಪ್ರಿಂಗ್ ನಿರ್ಧರಿಸುವುದು ಕಾರು ನಿಂತಲ್ಲಿಂದ ಅಥವಾ ತಿರುವಿನಿಂದ ಹೊರಡುವ ಬಗೆಯನ್ನು ಮಾತ್ರ.

ಕೆಲಸ ಮಾಡುವ ಬಗೆ

ಗೇರ್ ಇಲ್ಲದ ಸ್ಕೂಟರ್‌ಗಳಲ್ಲಿರುವಂತೆ ಇಲ್ಲಿಯೂ ಇರುವುದು ಕೇಂದ್ರಾಪಗಾಮಿ ಕ್ಲಚ್. ಎಂಜಿನ್ನಿನ ಫ್ಲೈವೀಲ್ ಮೇಲೆ ಕ್ಲಚ್ ಶೂಗಳನ್ನು ಪಿನ್‌ಗಳ ಆಧಾರದಲ್ಲಿ ಕೂರಿಸಲಾಗಿರುತ್ತದೆ. ಸ್ಪ್ರಿಂಗ್‌ಗಳು ಅವುಗಳನ್ನು ಒಳಮುಖವಾಗಿ ಒತ್ತಿ ಹಿಡಿದಿರುತ್ತವೆ. ಎಂಜಿನ್ನಿನ ಸುತ್ತು ಹೆಚ್ಚಿದಂತೆ ಶೂಗಳು ಹೊರಕ್ಕೆ ಚಾಚಿ, ಸುತ್ತಲಿನ ಕ್ಲಚ್ ಬೆಲ್ಲಿನ ಒಳಗೋಡೆಯನ್ನು ಹಿಡಿಯುತ್ತವೆ. ಆಗ ಬೆಲ್ ತಿರುಗಿ ಚಕ್ರಗಳು ಚಲಿಸುತ್ತವೆ. ಸುತ್ತುಗಳ ವೇಗ ಇಮ್ಮಡಿಯಾದರೆ ಶೂಗಳನ್ನು ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ನಿಧಾನಗತಿಯಲ್ಲಿ ಸುಮ್ಮನಿರುವ ಕ್ಲಚ್, ಥ್ರಾಟಲ್ ಒತ್ತಿದೊಡನೆ ಬಲವಾಗಿ ಹಿಡಿಯುತ್ತದೆ.

0.1 ಮಿಲಿಮೀಟರಿನ ಅಂತರ

ಬಗ್ಗಿ ಕಾರುಗಳ ಸ್ಪ್ರಿಂಗ್‌ಗಳನ್ನು ತಂತಿಯ ದಪ್ಪದಿಂದ ಗುರುತಿಸುವುದು ರೂಢಿ. 0.9, 1.0 ಮತ್ತು 1.1 ಮಿ.ಮೀ. ಸಾಮಾನ್ಯ ಅಳತೆಗಳು. ವ್ಯತ್ಯಾಸ ಅತ್ಯಲ್ಪವೆಂದು ತೋರಬಹುದು. ಆದರೆ ಸ್ಪ್ರಿಂಗಿನ ಬಿಗಿತ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಉಳಿದ ಅಳತೆಗಳೆಲ್ಲ ಒಂದೇ ಆಗಿದ್ದಲ್ಲಿ, 0.9ರ ಬದಲು 1.0 ಮಿ.ಮೀ. ತಂತಿ ಬಳಸಿದರೆ ಬಿಗಿತ ಸುಮಾರು ಶೇ 50ರಷ್ಟು ಹೆಚ್ಚುತ್ತದೆ. ಕ್ಲಚ್ ಹಿಡಿಯಲು ಬೇಕಾದ ಸುತ್ತುಗಳು ಶೇ 20ಕ್ಕೂ ಮಿಕ್ಕಿ ಏರುತ್ತವೆ.

ತೆಳು ತಂತಿಯ ಸ್ಪ್ರಿಂಗ್ ಇದ್ದರೆ ಕ್ಲಚ್ ಬೇಗ ಹಿಡಿದು ಕಾರು ಮೃದುವಾಗಿ ಹೊರಡುತ್ತದೆ. ಸಡಿಲ ಮಣ್ಣು, ದೂಳು ತುಂಬಿದ, ಜಾರುವ ಟ್ರ್ಯಾಕಿಗೆ ಇದು ಸೂಕ್ತ. ದಪ್ಪ ತಂತಿಯದಾದರೆ ಎಂಜಿನ್ ಹೆಚ್ಚಿನ ಸುತ್ತು ಮುಟ್ಟಿದ ಬಳಿಕವೇ ಕ್ಲಚ್ ಹಿಡಿಯುವುದರಿಂದ ಕಾರು ಚಿಮ್ಮಿದಂತೆ ಹೊರಡುತ್ತದೆ. ಟೈರುಗಳಿಗೆ ಗಟ್ಟಿ ಹಿಡಿತ ದೊರೆಯುವ ನೆಲದಲ್ಲಿ ಇದರಿಂದ ಲಾಭವುಂಟು. ಜಾರುವ ನೆಲದಲ್ಲಿ ಮಾತ್ರ ಚಕ್ರಗಳು ನಿಂತಲ್ಲೇ ತಿರುಗಿ ಕಾರು ಅಡ್ಡ ಸರಿಯುತ್ತದೆ.

ಶೂಗಳನ್ನೂ ಗಮನಿಸಬೇಕು. ಅಲ್ಯೂಮಿನಿಯಂ ಶೂಗಳ ಹಿಡಿತ ಬಿರುಸು. ಕಾರ್ಬನ್ ಮಿಶ್ರಣದ ಶೂಗಳು ನಯವಾಗಿ ಹಿಡಿಯುತ್ತವೆ, ಆದರೆ ಬೇಗ ಸವೆಯುತ್ತವೆ. ಹಗುರವಾದ ಶೂ ಅದೇ ಸ್ಪ್ರಿಂಗಿನೊಂದಿಗೆ ತಡವಾಗಿ ಹಿಡಿಯುತ್ತದೆ.

ತಪ್ಪು ಆಯ್ಕೆಯ ಬೆಲೆ

ಅತಿ ಬಿಗಿಯಾದ ಸ್ಪ್ರಿಂಗ್ ಇದ್ದಲ್ಲಿ ಶೂಗಳು ಪೂರ್ಣವಾಗಿ ಹಿಡಿಯುವ ಮುನ್ನ ಹೆಚ್ಚು ಹೊತ್ತು ಜಾರುತ್ತವೆ. ಉಜ್ಜುವಿಕೆಯ ಶಾಖಕ್ಕೆ ಬೆಲ್ ನೀಲಿಗಟ್ಟುತ್ತದೆ, ಒಳಗಿನ ಬೇರಿಂಗ್ ಕೆಡುತ್ತದೆ. ಅದೇ ಶಾಖದಿಂದ ಸ್ಪ್ರಿಂಗ್ ಸಹ ತನ್ನ ಬಿಗಿತ ಕಳೆದುಕೊಳ್ಳಬಹುದು.

ಅತಿ ಸಡಿಲವಾದ ಸ್ಪ್ರಿಂಗಿನಿಂದ ಆಗುವ ಹಾನಿ ಇದಕ್ಕಿಂತ ಗುಪ್ತವಾದದ್ದು. ಎಂಜಿನ್ ಸಾಕಷ್ಟು ಶಕ್ತಿ ಪಡೆಯುವ ಮುನ್ನವೇ ಭಾರ ಬೀಳುವುದರಿಂದ ಅದು ಹೊರಡುವಾಗ ಮುಗ್ಗರಿಸುತ್ತದೆ. ಕಾರ್ಬುರೇಟರಿನಲ್ಲಿ ಇಂಧನ ಅಧಿಕವಾದಾಗಲೂ ಕಾಣುವುದು ಇದೇ ಲಕ್ಷಣ. ದೋಷ ಕ್ಲಚ್ಚಿನದೆಂದು ಅರಿಯದ ಚಾಲಕ ಕಾರ್ಬುರೇಟರಿನ ಸೂಜಿ ತಿರುಗಿಸಿ ಇಂಧನ ಕಡಿಮೆ ಮಾಡುತ್ತಾನೆ. ಈ ಎಂಜಿನ್‌ಗಳಿಗೆ ಎಣ್ಣೆ ದೊರೆಯುವುದೂ ಇಂಧನದ ಜೊತೆಯಲ್ಲೇ. ಮೆಥನಾಲ್ ಮತ್ತು ನೈಟ್ರೊಮೀಥೇನ್‌ನೊಂದಿಗೇ ಎಣ್ಣೆಯನ್ನು ಬೆರೆಸಲಾಗಿರುತ್ತದೆ. ಇಂಧನ ತಗ್ಗಿದರೆ ಎಣ್ಣೆಯೂ ತಗ್ಗಿ, ಎಂಜಿನ್ ಕಾದು, ಪಿಸ್ಟನ್ ಮತ್ತು ಸ್ಲೀವ್ ಸವೆಯುತ್ತವೆ. ಹೀಗೆ ಚಿಕ್ಕದೊಂದು ಸ್ಪ್ರಿಂಗಿನ ತಪ್ಪಿಗೆ ಇಡೀ ಎಂಜಿನ್ ಬಲಿಯಾಗುವ ಅಪಾಯವಿದೆ.

ಸ್ಪ್ರಿಂಗ್ ತುಂಡಾದರೆ ಆ ಬದಿಯ ಶೂ ಒಳಕ್ಕೆ ಮರಳುವುದಿಲ್ಲ. ಐಡಲ್ ಸರಿಯಿದ್ದರೂ ನಿಂತ ಕಾರು ತಾನಾಗಿಯೇ ಮುಂದೆ ಸರಿಯುವುದು, ಬ್ರೇಕ್ ಹಿಡಿದಾಗ ಎಂಜಿನ್ ನಿಂತುಹೋಗುವುದು ಇದರ ಸೂಚನೆಗಳು. ಚಕ್ರಗಳನ್ನು ನೆಲದಿಂದ ಎತ್ತಿದಾಗ ಅವು ನಿಧಾನವಾಗಿ ತಿರುಗುವುದು ಮಾತ್ರ ಸಾಮಾನ್ಯವಾಗಿ ಬೇರಿಂಗಿನ ಎಳೆತದಿಂದ, ಅದು ದೋಷವಲ್ಲ.

ಆಯ್ಕೆಯ ಕ್ರಮ

ಮೊದಲು ತಯಾರಕರು ಸೂಚಿಸಿದ ಸ್ಪ್ರಿಂಗಿನಿಂದಲೇ ಆರಂಭಿಸುವುದು ಲೇಸು. ಐಡಲ್ ವೇಗ, ಶೂಗಳ ಸವೆತ, ಬೇರಿಂಗಿನ ಸ್ಥಿತಿ ಪರೀಕ್ಷಿಸಿದ ನಂತರವಷ್ಟೇ ಬದಲಾವಣೆಗೆ ಕೈಹಾಕಬೇಕು. ಎಂಜಿನ್ ಬಿಸಿಯಾದ ಬಳಿಕ ಓಡಿಸಿ ನೋಡಬೇಕು. ಹೊರಡುವಾಗ ಮುಗ್ಗರಿಸಿದರೆ ಒಂದು ಹಂತ ದಪ್ಪ ತಂತಿ. ಎಂಜಿನ್ ಕಿರುಚಿಯೂ ಕಾರು ಕದಲಲು ತಡವಾದರೆ ಒಂದು ಹಂತ ತೆಳು ತಂತಿ. ಎರಡರ ನಡುವಿನ ಗುಣ ಬೇಕಿದ್ದರೆ ಅನುಭವಿಗಳು ಒಂದೇ ಕ್ಲಚ್ಚಿನಲ್ಲಿ ಎರಡು ಅಳತೆಗಳನ್ನು ಬೆರೆಸುವುದೂ ಇದೆ. ಒಂದು ಸ್ಪ್ರಿಂಗ್ ತುಂಡಾದಾಗ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾಗಿ, ಸ್ಪ್ರಿಂಗ್ ಮತ್ತು ಕಾರ್ಬುರೇಟರ್ ಎರಡನ್ನೂ ಒಂದೇ ಬಾರಿಗೆ ಬದಲಿಸಬಾರದು. ಹಾಗೆ ಮಾಡಿದಲ್ಲಿ ಗುಣ ಯಾವುದರಿಂದ ಬಂತು, ದೋಷ ಯಾವುದರಿಂದ ಉಳಿಯಿತು ಎಂಬುದು ತಿಳಿಯುವುದೇ ಇಲ್ಲ.